ಹಗೇವಿನ ಬಾಯಿ ತೆಗೆಯೋಣ

ಹಗೇವು ತೆಗೆಯುವುದನ್ನು ನೋಡಿದ್ದೀರಾ? ಈಗಿನ ಹುಡುಗರು ನೋಡಿರಲಾರರು. ಊರೊಳಗಿನ ಎತ್ತರದ ಗಟ್ಟಿ ನೆಲದಲ್ಲಿ ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಮಾತ್ರ ಮನೆಯಷ್ಟು ಅಗಲ. ತಳಕ್ಕೂ ಗೋಡೆಗೂ ಕಣಿಕಿ, ಹುಲ್ಲು ಒತ್ತಿ ಜೋಳ ಸುರಿದು, ಮೇಲೆ ಹಾಸುಗಲ್ಲು ಎಳೆದು ಮಣ್ಣು ಮುಚ್ಚಿದರೆ ಮೇಲೆ ನಡೆದಾಡುವವರಿಗೆ ಕೆಳಗೆ ಒಂದು ಊರಿನ ಅನ್ನ ಮಲಗಿದೆಯೆಂಬ ಸುಳಿವೂ ಸಿಗುತ್ತಿರಲಿಲ್ಲ.

ತೆಗೆಯುವ ದಿನ ಯಾರೂ ಆತುರ ಮಾಡುತ್ತಿರಲಿಲ್ಲ. ಕಲ್ಲು ಸರಿಸಿ ದೂರ ನಿಲ್ಲುತ್ತಿದ್ದರು. ಒಳಗಿನ ಕೆಟ್ಟ ಗಾಳಿ ಹೋಗಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು, ಉರಿದರೆ ಆಳು ಇಳಿಯಬಹುದು. ಇಷ್ಟು ತಾಳ್ಮೆಯಿಲ್ಲದೆ ಧುಮುಕಿದವರು ಅಲ್ಲೇ ಜೋಳದ ಮೇಲೆ ಉಸಿರುಗಟ್ಟಿ ಸತ್ತದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ.

ನಮ್ಮ ಓಣಿಯ ಆಯಿಯೊಬ್ಬರು ಒಮ್ಮೆ, ತಾನಾಗಿ, ಯಾರೂ ಕೇಳದೆ ಹೇಳಿದರು: "ರಜಾಕಾರರ ಹಾವಳಿಯಾಗ ನಮ್ಮನ್ನ ಖಾಲಿ ಹಗೇವಿನಾಗ ಇಳಿಸಿದ್ರು. ಮ್ಯಾಲ ಕಲ್ಲು ಎಳದ್ರು, ಗಾಳಿಗಿಷ್ಟು ಸಂದಿ ಬಿಟ್ಟಿದ್ರು. ನಮ್ಮವ್ವನ ಉಡಿಯಾಗ ಕೂಸು. ಅದು ಅತ್ತೀತಂತ ಅದರ ಬಾಯಿಗಿ ಸೆರಗು ಒತ್ತಿ ಹಿಡದಿದ್ಳು."

"ಆಮ್ಯಾಲ, ಆಯೀ?"

"ಆಮ್ಯಾಲೇನು... ಬಿಡಪ್ಪಾ. ಈಗ್ಯಾಕ ಆ ಮಾತು." ಚಹಾದ ಕಪ್ಪು ಬಸಿ ನೆಲಕ್ಕಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದು ಒಳಗೆ ಹೋದರು.

ಕೂಸು ಉಳಿಯಿತೋ ಇಲ್ಲವೋ ನಾನು ಕೇಳಲಿಲ್ಲ. ಇನ್ನೊಮ್ಮೆ ಬಂದಾಗ ಕೇಳಿದರಾಯಿತು ಅಂದುಕೊಂಡೆ. ಮುಂದಿನ ವರ್ಷ ಹೋದಾಗ ಪಡಸಾಲೆಯಲ್ಲಿ ಅವರ ಹೊರಸನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು.

ಆ ನಿಂತ ಹೊರಸು ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ. ಅದಕ್ಕೇ ಈ ಕರೆ.

ನಾನು ಕೂತು ಬರೆಯುತ್ತಿರುವುದು ಭೀಮೆಯ ಸೀಮೆಯಲ್ಲಿ. ಅಫಜಲಪುರ ತಾಲ್ಲೂಕಿನ ಸೊನ್ನ ಅಂದರೆ ಇವತ್ತು ಎಲ್ಲರಿಗೂ ಬ್ಯಾರೇಜು. ಮಹಾರಾಷ್ಟ್ರದ ಉಜನಿಯಿಂದ ನೀರು ಬಿಟ್ಟರು, ಸೊನ್ನದ ಗೇಟು ಎತ್ತಿದರು, ಗಾಣಗಾಪುರದ ಸೇತುವೆ ಮುಳುಗಿತು ಎಂಬುದಷ್ಟೇ ಮಳೆಗಾಲದ ಸುದ್ದಿ. ಆದರೆ 1948ರಲ್ಲಿ ಈ ಹೊಳೆ ನೀರಿನ ಲೆಕ್ಕಕ್ಕಿಂತ ದೊಡ್ಡದೊಂದು ಲೆಕ್ಕ ಹೊತ್ತು ಹರಿಯುತ್ತಿತ್ತು. ಈಚೆ ದಂಡೆ ನಿಜಾಮನ ಮೊಗಲಾಯಿ. ಆಚೆ ದಂಡೆ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು ಆಚೆ ದಂಡೆಗೆ, ಈಚೆ ದಂಡೆಗೆ ಬರಲಿಲ್ಲ. ಒಂದೇ ನೀರು ಕುಡಿಯುವ, ಒಂದೇ ಜಾತ್ರೆಗೆ ಸೇರುವ, ಮಗಳನ್ನು ಕೊಟ್ಟು ಸೊಸೆಯನ್ನು ತರುವ ಜನ ಒಬ್ಬರು ಭಾರತದಲ್ಲಿ, ಒಬ್ಬರು ನಿಜಾಮನ ಕೈಯಲ್ಲಿ.

1947ರ ನವೆಂಬರ್ 29ರಂದು ನಿಜಾಮನೂ ಭಾರತ ಸರಕಾರವೂ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ಯಥಾಸ್ಥಿತಿ ಕಾಗದದಲ್ಲಿ ಉಳಿಯಿತು. ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರ ಪಡೆ ಊರೂರಿಗೆ ಇಳಿಯಿತು. ತಿಂಗಳಿಗಿಷ್ಟು ಎಂದು ಊರಿನ ಮೇಲೆ ಹಣ ಹೇರುವುದು, ಕೊಡದಿದ್ದರೆ ಸುಲಿಯುವುದು, ಎದುರು ನಿಂತರೆ ಸುಡುವುದು. ಜನ ರಾತ್ರೋರಾತ್ರಿ ಗಂಟು ಕಟ್ಟಿ ಸೊಲ್ಲಾಪುರಕ್ಕೆ, ಬಿಜಾಪುರಕ್ಕೆ ನಡೆದರು. ಹೋದವರಲ್ಲಿ ಕೆಲವರು ಗಡಿಯುದ್ದಕ್ಕೂ ಶಿಬಿರ ಕಟ್ಟಿದರು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರದ ಹೆಸರು ಇಂದಿಗೂ ಉಳಿದಿದೆ. ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ಸುಮಾರು 200 ಜನರನ್ನು ಕೊಂದರು. ಊರಿನ ಒಂದು ದೊಡ್ಡ ಮನೆಯ ಬಾಗಿಲು ಭದ್ರವಾಗಿದ್ದುದರಿಂದ ಅದರೊಳಗೆ ಸೇರಿದವರು ಉಳಿದರು ಎಂದು ಅಲ್ಲಿಯವರು ಹೇಳುತ್ತಾರೆ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮ ಶರಣಾದ. ಕಲ್ಯಾಣ ಕರ್ನಾಟಕದಲ್ಲಿ ಪ್ರತಿವರ್ಷ ಆ ದಿನ ಬಾವುಟ ಏರುತ್ತದೆ, ಭಾಷಣವಾಗುತ್ತದೆ, ಮಕ್ಕಳಿಗೆ ಬೂಂದಿ ಹಂಚುತ್ತಾರೆ.

ಬಾವುಟದ ಕೆಳಗಿನ ನೆಲದಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ.

ಹಾಗೆ ಕೇಳಿದ ಒಬ್ಬರ ಕಥೆ ಹೇಳುತ್ತೇನೆ. ದೂರದ ಕಥೆ, ಆದರೆ ಅದರ ನಡುವೆಯೂ ಒಂದು ಹಗೇವು ಇದೆ.

ಪೋಲೆಂಡಿನ ವಾರ್ಸಾ ನಗರ. ಹಿಟ್ಲರನ ಸೇನೆ ಆ ದೇಶವನ್ನು ನುಂಗಿದ ಮರುವರ್ಷ, 1940ರ ನವೆಂಬರಿನಲ್ಲಿ, ನಗರದ ಯಹೂದಿಗಳನ್ನೆಲ್ಲ ಒಂದು ಮೂಲೆಗೆ ದಬ್ಬಿ ಸುತ್ತ ಹತ್ತಡಿ ಎತ್ತರದ ಗೋಡೆ ಎಬ್ಬಿಸಿ ಬಾಗಿಲು ಜಡಿದರು. ಮೂರೂವರೆ ಚದರ ಕಿಲೋಮೀಟರೂ ಇಲ್ಲದ ಜಾಗ, ನಾಲ್ಕು ಲಕ್ಷಕ್ಕೂ ಮಿಕ್ಕಿ ಜನ. ನಮ್ಮ ಒಂದು ಊರಿನ ಸೀಮೆಯೊಳಗೆ ಇಡೀ ಒಂದು ಪಟ್ಟಣವನ್ನು ತುರುಕಿದಂತೆ. ಪಡಿತರದ ಪಾಲಿನಲ್ಲಿ ಒಂದು ಹೊತ್ತಿನ ಊಟಕ್ಕೂ ಸಾಲದಷ್ಟು ಕಾಳು. ಎಂಟು ಹತ್ತು ವರ್ಷದ ಮಕ್ಕಳು ಗೋಡೆಯ ಬಿರುಕು, ಚರಂಡಿಯ ತೂತು ನುಸುಳಿ ಆಚೆ ಹೋಗಿ ಆಲೂಗಡ್ಡೆ, ರೊಟ್ಟಿ ಅಂಗಿಯೊಳಗೆ ಬಚ್ಚಿಟ್ಟು ತಂದು ಮನೆ ಸಾಕುತ್ತಿದ್ದರು. ಸಿಕ್ಕಿಬಿದ್ದರೆ ಗುಂಡು. 1942ರ ನಡುವಿಗೆ ಹಸಿವಿನಿಂದ, ಜ್ವರದಿಂದ ಸತ್ತವರೇ ಎಂಬತ್ತು ಸಾವಿರ ದಾಟಿದ್ದರು.

ಆ ಗೋಡೆಯೊಳಗೆ ಇಮ್ಯಾನುಯೆಲ್ ರಿಂಗಲ್‌ಬ್ಲುಮ್ ಎಂಬ ನಲವತ್ತರ ಇತಿಹಾಸದ ಮೇಷ್ಟ್ರು ಇದ್ದರು. ಬಾಗಿಲು ಜಡಿದ ಒಂದು ವಾರಕ್ಕೆ ಅವರು ಗೆಳೆಯರನ್ನು ಸೇರಿಸಿ ಒಂದು ಗುಟ್ಟಿನ ಗುಂಪು ಕಟ್ಟಿದರು. ಶನಿವಾರ ಮಧ್ಯಾಹ್ನ ಸೇರುತ್ತಿದ್ದುದರಿಂದ ಅದಕ್ಕೆ ಒನೆಗ್ ಶಬ್ಬಾತ್ ಎಂದು ಹೆಸರು. ಶನಿವಾರದ ಸಂತೋಷ ಎಂದು ಅರ್ಥ. ಹೆಸರು ಕೇಳಿದವರು ಭಜನಾ ಮಂಡಳಿ ಅಂದುಕೊಳ್ಳಬೇಕು. ಕೆಲಸ ಒಂದೇ, ನಡೆಯುತ್ತಿರುವುದನ್ನು ಬರೆದಿಡುವುದು.

ಏನನ್ನು ಬರೆದಿಟ್ಟರು ನೋಡಿ. ಅಧಿಕಾರಿಗಳ ಆದೇಶ, ಗೋಡೆಗೆ ಅಂಟಿಸಿದ ಜಾಹೀರು, ಪಡಿತರ ಚೀಟಿ, ಟ್ರಾಮಿನ ಟಿಕೆಟ್ಟು, ಮಿಠಾಯಿ ಸುತ್ತಿದ ಕಾಗದ. ಕಳ್ಳಶಾಲೆಗಳಲ್ಲಿ ಮಕ್ಕಳು ಬರೆದ ಪ್ರಬಂಧ. ಅಗ್ಗದ ಅಡುಗೆಮನೆಯ ಸಾಲಿನಲ್ಲಿ ನಿಂತ ಹೆಂಗಸರ ಮಾತು. ಅಂಥದೊಂದು ಗಂಜಿಮನೆ ನಡೆಸುತ್ತಿದ್ದ ರಾಖೆಲ್ ಔಯರ್‌ಬಾಖ್ ಎಂಬ ಲೇಖಕಿ ತಾನು ಬಡಿಸಿದವರು ಒಬ್ಬೊಬ್ಬರಾಗಿ ಹೇಗೆ ಇಲ್ಲವಾದರು ಎಂದು ಬರೆದರು. ಗಂಜಿಯನ್ನೂ ಅವರೇ ಬಡಿಸಿದರು, ಲೆಕ್ಕವನ್ನೂ ಅವರೇ ಇಟ್ಟರು. ಗುಂಪಿನವರು ಪ್ರಶ್ನೆಪಟ್ಟಿ ಮಾಡಿಕೊಂಡು ಮನೆಮನೆಗೆ ಹೋದರು. ನಿರಾಶ್ರಿತರನ್ನು, ಹಮಾಲರನ್ನು, ಭಿಕ್ಷುಕರನ್ನು, ಕಳ್ಳಸಾಗಣೆಯವರನ್ನು ಮಾತನಾಡಿಸಿದರು. ಹೆಲ್ಮ್‌ನೊ ಎಂಬಲ್ಲಿ ಜನರನ್ನು ವಿಷಗಾಳಿಯಿಂದ ಕೊಲ್ಲುತ್ತಿದ್ದುದನ್ನು ಕಣ್ಣಾರೆ ಕಂಡು ತಪ್ಪಿಸಿಕೊಂಡು ಬಂದವನ ಹೇಳಿಕೆಯನ್ನು ಬರೆದುಕೊಂಡವರೂ ಅವರೇ. ಅಂಥ ಸುದ್ದಿಯನ್ನು ಗುಟ್ಟಾಗಿ ಲಂಡನ್ನಿಗೆ ಮುಟ್ಟಿಸಿದವರೂ ಅವರೇ.

ನನ್ನನ್ನು ನಿಲ್ಲಿಸುವ ಮಾತು ಇನ್ನೊಂದಿದೆ. ತಮ್ಮವರ ತಪ್ಪನ್ನೂ ಅವರು ಬರೆದರು. ಜರ್ಮನರ ಪರವಾಗಿ ತಮ್ಮವರನ್ನೇ ಹಿಡಿದೊಪ್ಪಿಸಿದ ಯಹೂದಿ ಪೊಲೀಸರು, ಲಂಚ ತಿಂದವರು, ಪಕ್ಕದಲ್ಲಿ ಕೂಸು ಸಾಯುತ್ತಿದ್ದರೂ ಹೋಟೆಲಿನಲ್ಲಿ ಕೂತು ಉಂಡವರು, ಯಾರನ್ನೂ ಬಿಡಲಿಲ್ಲ. ಕೊರಳಿಗೆ ಹಗ್ಗ ಬಿದ್ದವರು, ಲೋಕದ ಕರುಣೆಯೊಂದೇ ಆಸರೆ ಆದವರು, ನಮ್ಮ ಮಾನ ಹೋಗುತ್ತದೆ ಎಂದು ಒಂದು ಹಾಳೆಯನ್ನೂ ಹರಿಯಲಿಲ್ಲ. ಅರ್ಧ ಸತ್ಯವನ್ನು ಮುಂದಿನವರು ಸುಳ್ಳೆಂದು ಎಸೆದಾರು ಎಂಬ ಎಚ್ಚರ ಆ ಮೇಷ್ಟ್ರಿಗೆ ಇತ್ತು.

ಅದೇ ಗೋಡೆಯೊಳಗೆ ಯಾನುಶ್ ಕೋರ್ಚಾಕ್ ಎಂಬ ವೈದ್ಯರು ಅನಾಥಾಲಯ ನಡೆಸುತ್ತಿದ್ದರು. 1942ರ ಜುಲೈ 18ರಂದು ಅವರ ಮಕ್ಕಳು ಒಂದು ನಾಟಕ ಆಡಿದರು. ಯಾವುದು ಗೊತ್ತೆ? ನಮ್ಮ ರವೀಂದ್ರನಾಥ ಠಾಕೂರರ 'ಡಾಕ್ ಘರ್'. ರೋಗದ ಹಾಸಿಗೆಯಿಂದ ಕಿಟಕಿಯಾಚೆ ನೋಡುತ್ತಾ, ರಾಜನ ಕಾಗದಕ್ಕೆ ಕಾಯುತ್ತಾ ಕಣ್ಣು ಮುಚ್ಚುವ ಹುಡುಗ ಅಮಲನ ಕಥೆ. ನಾಲ್ಕೇ ದಿನಕ್ಕೆ, ಜುಲೈ 22ಕ್ಕೆ, ರೈಲುಗಳು ಬಂದು ನಿಂತವು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಟ್ರೆಬ್ಲಿಂಕಾಕ್ಕೆ ಒಯ್ದು ಕೊಂದರು. ಆಗಸ್ಟ್ ಮೊದಲ ವಾರ ಕೋರ್ಚಾಕರ ಸುಮಾರು 200 ಮಕ್ಕಳ ಸರದಿ. ಒಬ್ಬಂಟಿಯಾಗಿ ಪಾರಾಗುವ ದಾರಿ ಅವರಿಗಿತ್ತು. ಮಕ್ಕಳ ಸಾಲಿನ ಮುಂದೆ ತಾವೇ ನಡೆದು ರೈಲು ಹತ್ತಿದರು.

ಆ ಆಗಸ್ಟಿನಲ್ಲೇ, ಓಣಿ ಓಣಿ ಖಾಲಿಯಾಗುತ್ತಿರುವಾಗ, ಇಸ್ರಾಯೆಲ್ ಲಿಕ್ಟೆನ್‌ಸ್ಟೈನ್ ಎಂಬ ಮೇಷ್ಟ್ರು ಇಬ್ಬರು ಹುಡುಗರನ್ನು ಜೊತೆಗೆ ಕರೆದುಕೊಂಡು ನೊವೊಲಿಪ್ಕಿ ಬೀದಿಯ ಶಾಲೆಯ ನೆಲಮಾಳಿಗೆಗೆ ಇಳಿದರು. ಹತ್ತು ತಗಡಿನ ಪೆಟ್ಟಿಗೆಗಳಲ್ಲಿ ಕಾಗದ ತುಂಬಿ ನೆಲ ಅಗೆದು ಹೂತರು. ಅಗೆದವರಲ್ಲಿ ದಾವಿದ್ ಗ್ರಾಬರ್ ಹತ್ತೊಂಬತ್ತರ ಹುಡುಗ. ಪೆಟ್ಟಿಗೆಯೊಳಗೆ ತನ್ನದೂ ಒಂದು ಹಾಳೆ ಹಾಕಿದ. ಇದನ್ನು ಹೊರತೆಗೆಯುವ ದಿನ ತಾನೂ ನೋಡಬೇಕೆಂಬ ಆಸೆ ಅದರಲ್ಲಿತ್ತು. ಅವನು ನೋಡಲಿಲ್ಲ. 1943ರ ಫೆಬ್ರವರಿಯಲ್ಲಿ ಎರಡನೆಯ ಕಂತನ್ನು ಹಾಲಿನ ಎರಡು ಕ್ಯಾನುಗಳಲ್ಲಿ ತುಂಬಿ ಹೂತರು.

ಆಮೇಲೆ ಬಂದೂಕು. ಉಳಿದಿದ್ದ ಸುಮಾರು ಐವತ್ತು ಸಾವಿರ ಜನರಲ್ಲಿ ಕೆಲವು ನೂರು ಹುಡುಗ ಹುಡುಗಿಯರು ಇನ್ನು ರೈಲು ಹತ್ತುವುದಿಲ್ಲ ಎಂದರು. ಮನೆಗಳ ಕೆಳಗೆ ಅಡಗುದಾಣ ತೋಡಿದರು. 1943ರ ಏಪ್ರಿಲ್ 19ರ ಬೆಳಗಿನ ಜಾವ ಒಳನುಗ್ಗಿದ ಜರ್ಮನ್ ಪಡೆಗೆ ಗುಂಡು, ಬಾಟಲಿ ಬಾಂಬು ಎದುರಾದವು. ಮೊರ್ದೆಕಾಯ್ ಅನಿಯೆಲೆವಿಚ್ ಎಂಬ ಇಪ್ಪತ್ನಾಲ್ಕರ ಯುವಕ ಅವರ ಮುಂದಾಳು. ಮೂರು ದಿನದಲ್ಲಿ ಮುಗಿಸುತ್ತೇವೆ ಅಂದುಕೊಂಡ ಸೇನೆಗೆ ನಾಲ್ಕು ವಾರ ಹಿಡಿಯಿತು. ಗೆಲ್ಲಲಾಗದೆ ಮನೆಗಳಿಗೆ ಬೆಂಕಿ ಇಟ್ಟು ಊರನ್ನೇ ಬೂದಿ ಮಾಡಿದರು. ಮೇ 8ಕ್ಕೆ ಅನಿಯೆಲೆವಿಚ್ ಸತ್ತ. ಮೇ 16ಕ್ಕೆ ನಗರದ ದೊಡ್ಡ ಸಿನಗಾಗ್ ಅನ್ನು ಸಿಡಿಮದ್ದಿಟ್ಟು ಉರುಳಿಸಿ ಜರ್ಮನ್ ದಂಡನಾಯಕ ಕೆಲಸ ಮುಗಿಯಿತೆಂದು ವರದಿ ಕಳಿಸಿದ.

ಕೆಲಸ ಮುಗಿದಿರಲಿಲ್ಲ. ರಿಂಗಲ್‌ಬ್ಲುಮರನ್ನು, ಅವರ ಹೆಂಡತಿಯನ್ನು, ಮಗನನ್ನು, ಅವರಿಗೆ ಆಸರೆ ಕೊಟ್ಟಿದ್ದ ಪೋಲಿಷ್ ಮನೆಯವರನ್ನು 1944ರ ಮಾರ್ಚಿನಲ್ಲಿ ಹಿಡಿದು ಕೊಂದರು. ಅರವತ್ತರಷ್ಟಿದ್ದ ಆ ಶನಿವಾರದ ಗುಂಪಿನಲ್ಲಿ ಯುದ್ಧ ದಾಟಿ ಬದುಕಿದವರು ಮೂವರು. ಅವರಲ್ಲಿ ಹೆರ್ಷ್ ವಾಸರರಿಗೆ ಜಾಗ ಗೊತ್ತಿತ್ತು, ರಾಖೆಲ್ ಔಯರ್‌ಬಾಖ್‌ಗೆ ಹಟ ಇತ್ತು. ಇಟ್ಟಿಗೆಯ ಗುಡ್ಡೆಯಾಗಿದ್ದ ನಗರದಲ್ಲಿ ಅಗೆದು ಅಗೆದು 1946ರ ಸೆಪ್ಟೆಂಬರ್ 18ಕ್ಕೆ ಪೆಟ್ಟಿಗೆಗಳನ್ನು ಎತ್ತಿದರು. ತಗಡಿನ ಸಂದಿಯಲ್ಲಿ ನೀರು ಇಳಿದು ಕಾಗದ ಒದ್ದೆಮುದ್ದೆಯಾಗಿತ್ತು. ಒಂದೊಂದೇ ಹಾಳೆ ಬಿಡಿಸಿ ಒಣಗಿಸಿದರು. ಹಾಲಿನ ಕ್ಯಾನುಗಳು 1950ರ ಡಿಸೆಂಬರಿನಲ್ಲಿ ಸಿಕ್ಕವು. ಒಟ್ಟು ಸುಮಾರು 35,000 ಪುಟ. ಕೊಂದವರ ವರದಿಗಿಂತ ಸತ್ತವರ ವರದಿಯೇ ಇಂದು ಜಗತ್ತಿನ ಮುಂದೆ ನಿಂತಿದೆ.

ಇಲ್ಲೊಂದು ಮಾತು ಬಿಚ್ಚಿ ಹೇಳಬೇಕು. ವಾರ್ಸಾದಲ್ಲಿ ನಡೆದದ್ದೂ ಭೀಮೆಯ ದಂಡೆಯಲ್ಲಿ ನಡೆದದ್ದೂ ಒಂದೇ ತೂಕದವಲ್ಲ. ಒಂದು ಜನಾಂಗವನ್ನೇ ಭೂಮಿಯಿಂದ ಅಳಿಸಲು ರೈಲು, ಕಾರ್ಖಾನೆ, ಕಚೇರಿ ಎಲ್ಲವನ್ನೂ ಹೂಡಿದ ಆ ಕೇಡಿಗೆ ನಮ್ಮ ಯಾವ ಕೇಡನ್ನೂ ಹೋಲಿಸಲಾಗದು. ನೋವಿನ ತಕ್ಕಡಿ ಹಿಡಿಯಲು ನಾನು ಬಂದಿಲ್ಲ. ನನ್ನ ಹೊಟ್ಟೆಕಿಚ್ಚು ಇಷ್ಟೇ: ನಾಳೆ ಸಾಯುತ್ತೇವೆಂದು ಗೊತ್ತಿದ್ದವರು, ತುತ್ತು ಅನ್ನವಿಲ್ಲದವರು, ಶಾಯಿಗೂ ಕಾಗದಕ್ಕೂ ಪರದಾಡಿದವರು ಮೂವತ್ತೈದು ಸಾವಿರ ಪುಟ ಬರೆದಿಟ್ಟರು. ಉಂಡು ಮಲಗಿ, ಎಪ್ಪತ್ತೈದಕ್ಕೂ ಹೆಚ್ಚು ವರ್ಷ ಕೈಯಲ್ಲಿ ಹಿಡಿದ ನಾವು ನಮ್ಮ ಊರಿನ ಒಂದು ಹಾಳೆ ಬರೆದಿದ್ದೇವೆಯೆ?

ನಾಯಕರ ಆತ್ಮಕಥೆಗಳಿವೆ, ಶಿಬಿರದ ನೆನಪುಗಳಿವೆ, ಗೋರ್ಟಾದಲ್ಲಿ ಸ್ಮಾರಕ ಎದ್ದಿದೆ. ಸಂತೋಷ. ಹಗೇವಿನಲ್ಲಿ ಕೂಸಿನ ಬಾಯಿಗೆ ಸೆರಗು ಒತ್ತಿದ ತಾಯಿ ಯಾವ ಪುಸ್ತಕದಲ್ಲಿದ್ದಾಳೆ?

ಇನ್ನೂ ಇದೆ, ಕಷ್ಟದ ಮಾತು. ಆಳಂದ ಕಡೆಯ ಊರೊಂದರಲ್ಲಿ ಒಬ್ಬ ವಯಸ್ಸಾದ ಚಾಚಾರನ್ನು ಅದೇ 1948ರ ಬಗ್ಗೆ ಕೇಳಿದೆ. ಅವರು ರಜಾಕಾರರ ಹಾವಳಿ ಎನ್ನಲಿಲ್ಲ, ಪೊಲೀಸ್ ಆ್ಯಕ್ಷನ್ ಎಂದರು, ಸೆಪ್ಟೆಂಬರಿನಲ್ಲಿ ಸೇನೆ ಬಂದದ್ದಕ್ಕೆ ಇರುವ ಹೆಸರು. ಬಹಳ ಹೊತ್ತು ತಸಬೀಹದ ಮಣಿ ಎಣಿಸಿ, "ಜಾನೆ ದೋ ಬೇಟಾ" ಅಂದರು. ನಮ್ಮ ಆಯಿ ಹೇಳಿದ "ಬಿಡಪ್ಪಾ"ದ ಉರ್ದು ಅದು. ಒಂದೇ ವರ್ಷಕ್ಕೆ ಎರಡು ಹೆಸರು, ಎರಡು ಭಾಷೆಯಲ್ಲಿ ಒಂದೇ ಮೌನ.

ಚಾಚಾ ನುಂಗಿದ ಮಾತು ಏನಿರಬಹುದು ಎಂಬುದಕ್ಕೆ ಒಂದು ಸರಕಾರಿ ಕಡತ ಇದೆ. ಸೇನೆ ಬಂದು ನಿಜಾಮ ಶರಣಾದ ಮೇಲಿನ ದಿನಗಳಲ್ಲಿ ಹಳ್ಳಿಗಳಲ್ಲಿ ಸೇಡು ಎದ್ದಿತು. ರಜಾಕಾರನಲ್ಲದ, ಎಂದೂ ಕೋಲು ಹಿಡಿಯದ ಮುಸಲ್ಮಾನರ ಮೇಲೂ ಅದು ಬಿತ್ತು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮುಂತಾದವರ ತಂಡ 1948ರ ಕೊನೆಯ ವಾರಗಳಲ್ಲಿ ಊರೂರು ತಿರುಗಿ ವರದಿ ಬರೆಯಿತು. ಕಡಿಮೆ ಎಂದರೂ 27,000ದಿಂದ 40,000 ಜನ ಸತ್ತಿರಬಹುದು ಎಂದು ಅವರ ಅಂದಾಜು. ಅತಿ ಹೆಚ್ಚು ನೊಂದವು ಎಂದು ಅವರು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆ ನಮ್ಮ ಬೀದರವೂ ಇದೆ, ನಮ್ಮ ಗುಲ್ಬರ್ಗಾವೂ ಇದೆ. ಸರಕಾರ ಆ ವರದಿಯನ್ನು ಒಪ್ಪಲಿಲ್ಲ, ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಕಡತದಲ್ಲೇ ಕೂತಿತ್ತು. ಅದೇ ವರದಿ, ನೆರೆಯ ಮುಸಲ್ಮಾನ ನೇಕಾರರನ್ನು ಕಾಯಲು ಪ್ರಾಣ ಒತ್ತೆಯಿಟ್ಟ ಹಿಂದೂ ನೇಕಾರರ ಮಾತನ್ನೂ ಹೇಳುತ್ತದೆ. ಆ ನೇಕಾರರ ಹೆಸರು ಯಾರಿಗೆ ಗೊತ್ತು? ಕೊಂದವರನ್ನು ಮುಚ್ಚಿಡುವ ಭರದಲ್ಲಿ ಕಾದವರನ್ನೂ ಹೂತುಬಿಟ್ಟಿದ್ದೇವೆ.

ಹೈದರಾಬಾದಿನಲ್ಲಿ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಭಾರತಕ್ಕೆ ಸೇರೋಣ, ರಜಾಕಾರರ ಆಟ ನಿಲ್ಲಿಸಿ ಎಂದು ಉರ್ದುವಿನಲ್ಲೇ ಬರೆದರು. 1948ರ ಆಗಸ್ಟಿನ ಒಂದು ರಾತ್ರಿ, ಕಚೇರಿಯಿಂದ ಮನೆಗೆ ಮರಳುವಾಗ ಅವರನ್ನು ಕೊಂದರು. ಬರೆಯುತ್ತಿದ್ದ ಕೈಯನ್ನೂ ಕಡಿದರು. ಸೇನೆ ಬರಲು ಒಂದು ತಿಂಗಳೂ ಉಳಿದಿರಲಿಲ್ಲ. ಆ ಹಾವಳಿಯನ್ನು ಎರಡು ಧರ್ಮದ ಜಗಳವಾಗಿ ಮಾತ್ರ ಹೇಳುವವರು ಈ ಹೆಸರನ್ನು ಎಲ್ಲಿಡುತ್ತಾರೆ?

ಮೂರನೆಯದು ನಮ್ಮ ಅಗಸಿಯಾಚೆಯ ಮಾತು. ದಾಳಿ ಬಂತೆಂದರೆ ಊರಿನವರು ಅಗಸಿ ಬಾಗಿಲು ಹಾಕುತ್ತಿದ್ದರು. ಕೇರಿ ಎಲ್ಲಿತ್ತು? ಅಗಸಿಯ ಹೊರಗೆ. ಬಾಗಿಲು ಹಾಕಿದ ಮೇಲೆ ಹೊರಗುಳಿದವರು ಎಲ್ಲಿಗೆ ಓಡಿದರು? ವಾರ್ಸಾದಲ್ಲಿ ಜರ್ಮನರು ಜನರನ್ನು ಒಳಗಿಟ್ಟು ಗೋಡೆ ಕಟ್ಟಿದರು. ನಾವು ಹೊರಗಿಟ್ಟು ಕಟ್ಟಿದೆವು, ಅದೂ ಯಾವ ಹಿಟ್ಲರನೂ ಹೇಳದೆ, ತಲೆತಲಾಂತರದಿಂದ. ಹೈದರಾಬಾದ್ ಸಂಸ್ಥಾನದ ದಲಿತ ನಾಯಕ ಬಿ. ಶ್ಯಾಮಸುಂದರ್ ನಿಜಾಮ ಸರಕಾರ ವಿಶ್ವಸಂಸ್ಥೆಗೆ ಕಳಿಸಿದ ನಿಯೋಗದಲ್ಲಿದ್ದರು. ಅಂಬೇಡ್ಕರರು ನಿಜಾಮನ ಪರ ನಿಲ್ಲಬೇಡಿ ಎಂದು ತಮ್ಮ ಜನಕ್ಕೆ ಹೇಳಿದ್ದರು. ಮುಂದೆ 1968ರಲ್ಲಿ ಇದೇ ಗುಲ್ಬರ್ಗಾದಲ್ಲಿ ಶ್ಯಾಮಸುಂದರ್ ಭೀಮಸೇನೆ ಕಟ್ಟಿದರು. ವಿಮೋಚನೆಯ ಇಪ್ಪತ್ತು ವರ್ಷದ ಮೇಲೆ ಮತ್ತೊಂದು ಸೇನೆ ಯಾಕೆ ಬೇಕಾಯಿತು ಎಂಬ ಪ್ರಶ್ನೆಗೆ ಉತ್ತರ ಕೇರಿಯ ಮುದುಕಿಯ ಬಳಿ ಇದೆ. ಆಕೆಯ ಬಳಿ ನಾವು ಹೋಗಿಯೇ ಇಲ್ಲ.

"ಹಳೇ ಗಾಯ ಯಾಕ ಕೆರೀತೀರಿ, ಈಗ ಎಲ್ಲಾರೂ ಚಂದಾಗಿದ್ದೀವಲ್ಲ" ಎಂದು ಹಿರಿಯರು ಕೇಳುತ್ತಾರೆ. ಅವರ ಅಂಜಿಕೆ ಸುಳ್ಳಲ್ಲ, ನಾನು ತಲೆಬಾಗಿ ಕೇಳುತ್ತೇನೆ. ಆದರೆ ಮುಚ್ಚಿದ ಹಗೇವಿನೊಳಗೆ ಗಾಳಿ ಕೆಡುತ್ತದೆ. ವರ್ಷ ಹೋದಷ್ಟೂ ಇನ್ನಷ್ಟು ಕೆಡುತ್ತದೆ. ಚುನಾವಣೆ ಬಂದಾಗ ಕಂದೀಲೂ ಹಿಡಿಯದೆ ಅದರೊಳಗೆ ಧುಮುಕುವವರು ಇದ್ದಾರೆ. ಒಂದು ಮುಷ್ಟಿ ಕಪ್ಪು ಜೋಳ ಎತ್ತಿ ತಂದು, ಇಡೀ ಹಗೇವು ಇಷ್ಟೇ ಎಂದು ಬೀದಿಯಲ್ಲಿ ತೋರಿಸುತ್ತಾರೆ. ಒಬ್ಬರು ರಜಾಕಾರರನ್ನು ಮಾತ್ರ ತೋರಿಸುತ್ತಾರೆ, ಇನ್ನೊಬ್ಬರು ಸೇಡನ್ನು ಮಾತ್ರ. ಎರಡನ್ನೂ ನಂಬಿ ಉಸಿರುಗಟ್ಟುವವರು ನಮ್ಮ ಹುಡುಗರು. ಬಾಯಿ ತೆಗೆದು, ಗಾಳಿಗೆ ಬಿಟ್ಟು, ದೀಪ ಇಳಿಬಿಡುವ ಕೆಲಸ ಊರಿನವರೇ ಮಾಡದಿದ್ದರೆ ಬೇರೆಯವರು ಬಂದು ಬೆಂಕಿ ಇಳಿಬಿಡುತ್ತಾರೆ.

ನೆನಪು ಕಾಯುವುದು ನಮಗೆ ಬರದ ವಿದ್ಯೆಯೇ? ಮೊಹರಂ ಬಂದರೆ ನಮ್ಮ ಊರುಗಳಲ್ಲಿ ಲಿಂಗಾಯತರೂ ಕುರುಬರೂ ಮುಸಲ್ಮಾನರೂ ಕೂಡಿ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಹಾಡುತ್ತಾರೆ, ಕನ್ನಡದಲ್ಲೇ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದ ಮರಳಿನಲ್ಲಿ ನೀರಿಲ್ಲದೆ ಬಾಯಾರಿದ್ದ ಕೂಸು ಬಾಣ ತಗುಲಿ ಸತ್ತದ್ದನ್ನು ನೆನೆದು ಭೀಮೆಯ ದಂಡೆಯ ಗೌಡ ಕಣ್ಣೊರೆಸಿಕೊಳ್ಳುತ್ತಾನೆ. ತನ್ನದೇ ಊರಿನ ಹಗೇವಿನ ಕೂಸು ಅವನಿಗೆ ಗೊತ್ತಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿದಾಗ ಶರಣರು ಬಂಗಾರ ಬಿಟ್ಟು ವಚನದ ಕಟ್ಟು ಹೊತ್ತು ಉಳವಿಯ ಕಾಡಿಗೆ ನಡೆದರು ಎಂದು ನಾವೇ ಪುರಾಣ ಹೇಳುತ್ತೇವೆ. ಆ ಕಟ್ಟುಗಳು ಶತಮಾನಗಳ ಕಾಲ ಮಠ, ಮನೆಗಳ ಜಗಲಿಯ ಮೇಲೆ ಪೂಜೆಗೆ ಕೂತು, ಓದುವವರಿಲ್ಲದೆ ಗೆದ್ದಲಿಗೆ ಆಹಾರವಾಗುತ್ತಿದ್ದಾಗ, ಹೊಳೆಯಾಚೆಯ ಬಿಜಾಪುರದ ವಕೀಲ ಫ.ಗು. ಹಳಕಟ್ಟಿ ಮನೆಮನೆ ತಿರುಗಿ, ಕಾಡಿ ಬೇಡಿ ತಂದು, 1923ರಲ್ಲಿ 'ವಚನ ಶಾಸ್ತ್ರ ಸಾರ' ಅಚ್ಚು ಹಾಕಿಸಿದರು. ಅವರು ಹೋಗದಿದ್ದರೆ ಎಷ್ಟು ವಚನ ಉಳಿಯುತ್ತಿದ್ದವು? ಓಲೆಗರಿಯಾದರೂ ನಾಲ್ಕು ನೂರು ವರ್ಷ ಕಾಯುತ್ತದೆ. ಅಂದು ಹತ್ತು ವರ್ಷದವರಾಗಿದ್ದ ಆಯಿ, ಮುತ್ಯಾ ಈಗ ತೊಂಬತ್ತರ ಹತ್ತಿರ ಇದ್ದಾರೆ.

ಆದ್ದರಿಂದ ಕೇಳುತ್ತೇನೆ, ಕೈ ಮುಗಿದು ಕೇಳುತ್ತೇನೆ.

ಶಾಲೆಯ ಮಾಸ್ತರರೇ, ಅಕ್ಕೋರೇ, ಶನಿವಾರ ನಿಮ್ಮ ಶಾಲೆ ಬೆಳಗಿನದು. ಮಧ್ಯಾಹ್ನ ಮಕ್ಕಳು ಖಾಲಿ. ವಾರ್ಸಾದವರು ಸೇರುತ್ತಿದ್ದುದೂ ಅದೇ ಹೊತ್ತಿಗೆ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳನ್ನು ಇಬ್ಬಿಬ್ಬರಾಗಿ ಒಂದೊಂದು ಮನೆಗೆ ಕಳಿಸಿ. ಕೈಯಲ್ಲಿ ಮೊಬೈಲು, ನೋಟು ಪುಸ್ತಕ. ಆಯಿ ಹೇಳಿದಂತೆ, ಆಯಿಯ ಮಾತಿನಲ್ಲೇ ಬರೆಯಲಿ. "ಹ್ವಾದರಿ, ಬಂದರಿ" ಎಂದರೆ ಹಾಗೇ ಬರೆಯಲಿ, ತಿದ್ದಬೇಡಿ. ಆ ದಿನ ಮನೆಯಲ್ಲಿ ಏನು ಉಂಡಿರಿ, ಎಮ್ಮೆ ಯಾರಿಗೆ ಒಪ್ಪಿಸಿ ಹೋದಿರಿ, ಮರಳಿ ಬಂದಾಗ ಬಾಗಿಲು ಇತ್ತೆ ಎಂದು ಕೇಳಲಿ. ದೊಡ್ಡ ಪ್ರಶ್ನೆಗೆ ಬಾಯಿ ಮುಚ್ಚುವವರು ಎಮ್ಮೆಯ ಮಾತಿಗೆ ಬಾಯಿ ಬಿಡುತ್ತಾರೆ.

ಮೂರು ಮನೆಯನ್ನು ಬಿಡಬೇಡಿ. ಊರಿನ ನಡುವಿನ ಮನೆ, ಮಸೀದಿಯ ಪಕ್ಕದ ಮನೆ, ಅಗಸಿಯಾಚೆಯ ಮನೆ. ಮೂರನ್ನೂ ಕೇಳದ ಲೆಕ್ಕ ಲೆಕ್ಕವಲ್ಲ. ನಮ್ಮ ಮನೆತನದವರ ಕೈ ಅದರಲ್ಲಿದ್ದರೆ, ಆ ಹಾಳೆಯನ್ನೇ ಮೊದಲು ಬರೆಯಿರಿ. ವಾರ್ಸಾದ ಹಸಿದವರು ಮಾಡಿದ್ದನ್ನು ಹೊಟ್ಟೆ ತುಂಬಿದ ನಾವು ಮಾಡಲಾರೆವೆ? ಸೇಡಿಗೆ ಕಡ್ಡಿ ಗೀರುವ ಹೆಸರುಗಳನ್ನು ಕಾಪಿಟ್ಟುಕೊಳ್ಳಿ, ಅಚ್ಚು ಹಾಕಬೇಡಿ. ಆದರೆ ಅಳಿಸಬೇಡಿ. ಇನ್ನೊಬ್ಬರ ಮನೆಯ ಬಾಗಿಲಿಗೆ ಅಡ್ಡ ನಿಂತವರ ಹೆಸರನ್ನು ಮಾತ್ರ ದಪ್ಪಕ್ಷರದಲ್ಲಿ ಬರೆಯಿರಿ.

ಗ್ರಾಮ ಪಂಚಾಯಿತಿಯವರೇ, ನಿಮ್ಮ ಅರಿವು ಕೇಂದ್ರದ ಕಪಾಟಿನಲ್ಲಿ ಒಂದು ಖಾನೆ ಬಿಡಿಸಿಕೊಡಿ, ಊರಿನ ಹಾಳೆಗಳಿಗೆ. ಕಲಬುರಗಿಯ ವಿಶ್ವವಿದ್ಯಾಲಯದ, ಆಳಂದದ ಕಡಗಂಚಿಯಲ್ಲಿ ನಿಂತ ಕೇಂದ್ರೀಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೇ, ನಿಮ್ಮ ಗೇಟಿನಿಂದ ಹೊರಟರೆ ಮೊದಲ ಹಳ್ಳಿ ನಡೆದು ಹೋಗುವಷ್ಟು ಹತ್ತಿರ. ಆ ಹಾಳೆಗಳಿಗೆ ಪ್ರತಿ ಮಾಡಿ ಇಡಿ, ನೀರು ಇಳಿಯದ ಪೆಟ್ಟಿಗೆ ಕೊಡಿ. ಮಠದ ಬುದ್ಧಿಯವರೇ, ದರ್ಗಾದ ಮುಜಾವರರೇ, "ಹೇಳವ್ವಾ, ಹೇಳಿದರ ಪಾಪ ಇಲ್ಲ" ಎಂದು ನೀವೊಂದು ಮಾತು ಅಂದರೆ ಎಂಬತ್ತು ವರ್ಷದ ಬೀಗ ಸಡಿಲಾಗುತ್ತದೆ. ಸೆಪ್ಟೆಂಬರ್ 17ಕ್ಕೆ ಬಾವುಟ ಏರಿಸಿದ ಮೇಲೆ ಭಾಷಣ ಹತ್ತು ನಿಮಿಷ ಕಡಿಮೆ ಮಾಡಿ, ಒಂದು ಹುಡುಗಿ ಎದ್ದು ನಿಂತು ತನ್ನ ಆಯಿಯ ಒಂದು ಹಾಳೆ ಓದಲಿ. ಅದೇ ಸಭೆಯಲ್ಲಿ ಚಾಚಾರ ಮೊಮ್ಮಗ ಇನ್ನೊಂದು ಹಾಳೆ ಓದಲಿ. ಇಬ್ಬರಿಗೂ ಒಂದೇ ತಟ್ಟೆಯಿಂದ ಬೂಂದಿ ಕೊಡಿ.

ಹಗೇವು ತೆಗೆದಾಗ ಗೋಡೆಗೆ ಅಂಟಿದ ಜೋಳ ಕಪ್ಪಾಗಿ ನಾತ ಹೊಡೆಯುತ್ತದೆ. ನಡುವಿನ ಜೋಳ ಮಾತ್ರ ಅಚ್ಚ ಬಿಳಿ, ರೊಟ್ಟಿ ಬಡಿಯಲು ಬರುತ್ತದೆ. ಕಪ್ಪು ಜೋಳಕ್ಕೆ ಅಂಜಿ ಹಗೇವನ್ನೇ ಮುಚ್ಚಿಟ್ಟ ಒಕ್ಕಲಿಗನನ್ನು ನಾನು ಕಂಡಿಲ್ಲ.

ವಾರ್ಸಾದವರು ತಮ್ಮ ಕಾಗದಗಳನ್ನು ಮೂರು ಕಡೆ ಹೂತಿದ್ದರು. ಎರಡು ಸಿಕ್ಕವು. ಮೂರನೆಯದನ್ನು ಎಷ್ಟು ಅಗೆದರೂ ಇವತ್ತಿಗೂ ಸಿಕ್ಕಿಲ್ಲ. ನಮ್ಮದು ಎಲ್ಲಿದೆ ಎಂದು ಹುಡುಕುವ ಕಷ್ಟ ನಮಗಿಲ್ಲ. ಪಡಸಾಲೆಯ ಹೊರಸಿನ ಮೇಲೆ, ಸಂಜೆಯ ಚಹಾಕ್ಕೆ ಕಾಯುತ್ತಾ ಕೂತಿದೆ. ಹೊರಸು ಗೋಡೆಗೆ ಒರಗುವ ಮೊದಲು ಹೋಗಿ, ಪಕ್ಕದಲ್ಲಿ ಕೂತು ಕೇಳಿ: "ಆಮ್ಯಾಲೇನಾಯ್ತು, ಆಯೀ?"